ಏಕಾಕಿತನ ಮತ್ತು ಮುಪ್ಪಿನ ಮರೆವು

“ಅರವತ್ತಕ್ಕೆ ಅರಳುಮರಳು” ಎಂಬ ನಾಣ್ನುಡಿಯು ವೃದ್ಧರ ಮರೆವನ್ನು ವಯೋಧರ್ಮವೆಂದೇ ಎಣಿಸುತ್ತದೆ. ವೈದ್ಯಶಾಸ್ತ್ರವು ಇದನ್ನು ಪೂರ್ಣವಾಗಿ ಒಪ್ಪದು. ಇಟ್ಟ ಕನ್ನಡಕವನ್ನು ಮರೆಯುವುದು ಬೇರೆ. ನಡೆದಾಡಿದ ಓಣಿಯಲ್ಲಿಯೇ ದಾರಿ ತಪ್ಪುವುದು, ಮಕ್ಕಳ ಗುರುತು ಹತ್ತದಿರುವುದು ಬೇರೆ. ಎರಡನೆಯದು ಡಿಮೆನ್ಶಿಯಾದ, ಅಂದರೆ ಮಿದುಳಿನ ವ್ಯಾಧಿಯ, ಲಕ್ಷಣವಾಗಿರಬಹುದು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನ ಇದಕ್ಕೆ ತುತ್ತಾಗಿದ್ದಾರೆ.

ಲ್ಯಾನ್ಸೆಟ್ ಆಯೋಗವು 2024ರಲ್ಲಿ ಹೆಸರಿಸಿದ, ತಿದ್ದಲು ಸಾಧ್ಯವಿರುವ 14 ಅಪಾಯಕಾರಣಗಳಲ್ಲಿ ಜನಸಂಪರ್ಕದ ಅಭಾವವೂ ಶ್ರವಣದೋಷವೂ ಸೇರಿವೆ. ಇವೆರಡನ್ನು ಬೇರ್ಪಡಿಸಿ ನೋಡುವುದು ಕಷ್ಟ. ಯಲವಿಗಿಯಂಥ ಊರಿನಿಂದ ಮಕ್ಕಳು ರೈಲು ಹತ್ತಿ ಹುಬ್ಬಳ್ಳಿ, ಬೆಂಗಳೂರು ಸೇರಿದ ಬಳಿಕ ಹಿರಿಯರಿಗೆ ಉಳಿಯುವುದು ಕಟ್ಟೆಯ ಮಾತುಕತೆ. ಕಿವಿ ಮಂದವಾದವರು ಪದೇ ಪದೇ ಕೇಳಲು ಸಂಕೋಚಪಟ್ಟು ಅಲ್ಲಿಗೆ ಬರುವುದನ್ನೇ ಬಿಡುತ್ತಾರೆ. ತುಂಬಿದ ಮನೆಯಲ್ಲಿದ್ದೂ ಏಕಾಕಿಗಳಾಗುತ್ತಾರೆ. ಸಂಭಾಷಣೆ ನಿಂತರೆ ಮಿದುಳಿಗೆ ವ್ಯಾಯಾಮ ತಪ್ಪುತ್ತದೆ, ಖಿನ್ನತೆಯೂ ಜೊತೆಗೂಡುವುದುಂಟು.

ಹಾಗೆಂದು ಏಕಾಕಿತನವೊಂದೇ ರೋಗಮೂಲವಲ್ಲ. ಆರಂಭದ ವ್ಯಾಧಿಯೇ ಕೆಲವರನ್ನು ಜನರಿಂದ ದೂರ ಸರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಗ್ರಾಮಸ್ಥರಲ್ಲಿ 2018ರಲ್ಲಿ ಆರಂಭಿಸಿದ ದೀರ್ಘಾವಧಿಯ ಅಧ್ಯಯನವು ಈ ವ್ಯಾಧಿಯ ಕಾರಣಗಳನ್ನೇ ಅರಸುತ್ತಿದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ: ಕಟ್ಟೆಗೆ ಬಾರದಾದ ಅಜ್ಜನ ಕಿವಿಯನ್ನು ವೈದ್ಯರಿಗೆ ತೋರಿಸಬಹುದು, ಮಠದ ಪ್ರವಚನದಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಬಹುದು.