ಸಹಿ ಬಿದ್ದ ಮೇಲೂ ಪ್ರಶ್ನಿಸಬಹುದಾದ ಕರಾರು

ಅಚ್ಚು ಹಾಕಿಸಿಟ್ಟ ಕರಾರಿನಲ್ಲಿ ಗ್ರಾಹಕ ತುಂಬುವುದು ಹೆಸರು, ವಿಳಾಸ ಮತ್ತು ಸಹಿ. ಉಳಿದದ್ದೆಲ್ಲ ಮಾರುವವರ ಬರಹ. ತಕರಾರು ಎದ್ದಾಗ ‘ಓದಿಯೇ ಸಹಿ ಹಾಕಿದ್ದೀರಲ್ಲ’ ಎಂದು ಬಾಯಿ ಮುಚ್ಚಿಸುವುದು ರೂಢಿ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಈ ಉತ್ತರವನ್ನು ಕೊನೆಯ ಮಾತೆಂದು ಒಪ್ಪುವುದಿಲ್ಲ.

ಗ್ರಾಹಕರ ಹಕ್ಕನ್ನು ಗಣನೀಯವಾಗಿ ಬದಲಿಸುವ ಷರತ್ತುಗಳಿರುವ ಕರಾರನ್ನು ಕಾಯ್ದೆಯ 2(46)ನೇ ಕಲಂ ‘ಅನುಚಿತ ಒಪ್ಪಂದ’ ಎನ್ನುತ್ತದೆ. ವಿಪರೀತ ಭದ್ರತಾ ಠೇವಣಿ, ಆದ ನಷ್ಟಕ್ಕೆ ತಾಳೆಯೇ ಆಗದಷ್ಟು ದಂಡ, ಸೂಕ್ತ ಶುಲ್ಕ ಕೊಟ್ಟು ಸಾಲವನ್ನು ಅವಧಿಗೆ ಮೊದಲೇ ತೀರಿಸಬಂದರೂ ಬೇಡವೆನ್ನುವುದು, ಸಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಅಧಿಕಾರ ಇವೆಲ್ಲ ಅದರಲ್ಲಿ ಹೆಸರಿಸಿದವು. ಗ್ರಾಹಕರ ಒಪ್ಪಿಗೆಯಿಲ್ಲದೆ, ಅವರಿಗೆ ನಷ್ಟವಾಗುವಂತೆ ಕರಾರನ್ನು ಬೇರೆಯವರಿಗೆ ವಹಿಸುವುದೂ ಸೇರಿದೆ. ಕೊನೆಯ ಬಾಬತ್ತು ಎಲ್ಲಕ್ಕಿಂತ ವಿಶಾಲ: ಗ್ರಾಹಕರನ್ನು ತೊಂದರೆಗೆ ದೂಡುವ ಯಾವುದೇ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು.

ಏಕಪಕ್ಷೀಯ ಷರತ್ತು ಹೇಗಿರುತ್ತದೆಂಬುದಕ್ಕೆ ಗುರುಗ್ರಾಮದ ಒಂದು ಫ್ಲ್ಯಾಟಿನ ಪ್ರಕರಣ ಸಾಕು. ಖರೀದಿದಾರ ಕಂತು ತಡಮಾಡಿದರೆ ವರ್ಷಕ್ಕೆ ಶೇ 18 ಬಡ್ಡಿ ತೆರಬೇಕಿತ್ತು. ಮನೆ ಕೊಡುವುದನ್ನು ಬಿಲ್ಡರ್ ತಡಮಾಡಿದರೆ? ಹೆಚ್ಚುವರಿ ಅವಧಿ ಮುಗಿದ ಮೇಲೂ 12 ತಿಂಗಳು ಕಾಯಬೇಕು, ಆಮೇಲೆ 90 ದಿನಗಳ ನೋಟಿಸ್ ಕೊಟ್ಟು ಕರಾರು ಕೈಬಿಡಬೇಕು, ಹಣ ಬರಲು ಇನ್ನೂ 90 ದಿನ. ಬಡ್ಡಿ ಬರೀ ಶೇ 9. ಪಯನಿಯರ್ ಅರ್ಬನ್ ವಿರುದ್ಧ ಗೋವಿಂದನ್ ರಾಘವನ್ ಎಂಬ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 2ರಂದು ತೀರ್ಪು ಕೊಟ್ಟಿತು. ಬಿಲ್ಡರ್ ಬರೆದ ಕರಾರಿಗೆ ಸಹಿ ಹಾಕದೆ ಗತ್ಯಂತರವಿರಲಿಲ್ಲ ಎಂದು ಕಂಡುಬಂದರೆ ಅಂಥ ಷರತ್ತು ಖರೀದಿದಾರರನ್ನು ಕಟ್ಟಿಹಾಕುವುದಿಲ್ಲ ಎಂದಿತು; ಶೇ 10.7 ಬಡ್ಡಿಯೊಂದಿಗೆ ಹಣ ವಾಪಸು ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ತೀರ್ಪು ಬಂದದ್ದು 1986ರ ಹಳೆಯ ಕಾಯ್ದೆಯಡಿ. ಅದರಲ್ಲಿ ‘ಅನುಚಿತ ಒಪ್ಪಂದ’ ಎಂಬ ಪದವೇ ಇರಲಿಲ್ಲ. ಷರತ್ತನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸಲಾಯಿತು. ರಿಯಲ್ ಎಸ್ಟೇಟ್ ವಲಯವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರವಂತೂ ತಡವಾದರೆ ಇಬ್ಬರ ಬಡ್ಡಿಯ ದರವೂ ಒಂದೇ ಇರಬೇಕು.

ಸಾಲಗಾರರಿಗೆ ರಿಸರ್ವ್ ಬ್ಯಾಂಕಿನ ನಿಯಮಗಳ ಆಸರೆಯೂ ಇದೆ. ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. 2023ರ ಆಗಸ್ಟ್‌ನ ಸುತ್ತೋಲೆಯಂತೆ, ಕಂತು ತಪ್ಪಿದ್ದಕ್ಕೆ ಹಾಕಿದ ದಂಡಶುಲ್ಕವನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಎಣಿಸುವಂತಿಲ್ಲ.

ದೂರು ಎಲ್ಲಿಗೆ ಎಂಬಲ್ಲಿಯೇ ಅನೇಕರು ಎಡವುತ್ತಾರೆ. ರಸೀದಿಯಲ್ಲಿ ಸೇರಿಸಿದ ಅಕ್ರಮ ಶುಲ್ಕ, ಸೇವಾ ನ್ಯೂನತೆ ಮುಂತಾದವಕ್ಕೆ, ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ, ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷದವರೆಗೆ ಅಲ್ಲಿ ಶುಲ್ಕವೂ ಇಲ್ಲ. ಕರಾರೇ ಅನುಚಿತವೆಂಬ ದೂರು ಮಾತ್ರ, ಮೊತ್ತ ಎಷ್ಟೇ ಚಿಕ್ಕದಿರಲಿ, ರಾಜ್ಯ ಆಯೋಗಕ್ಕೆ ಹೋಗಬೇಕು. 10 ಕೋಟಿ ಮೀರಿದರೆ ರಾಷ್ಟ್ರೀಯ ಆಯೋಗಕ್ಕೆ. ಷರತ್ತನ್ನು ಅನೂರ್ಜಿತವೆಂದು ಘೋಷಿಸುವ ಅಧಿಕಾರವನ್ನು ಕಾಯ್ದೆ ಈ ಎರಡಕ್ಕೇ ಕೊಟ್ಟಿದೆ. ಜಿಮ್ಮಿನ ಕೆಲವು ಸಾವಿರದ ತಕರಾರಿಗೆ ರಾಜ್ಯ ಆಯೋಗದ ಮೆಟ್ಟಿಲು ಹತ್ತಿಸುವುದು ಕಾಯ್ದೆಯ ಕೊರತೆಯೇ ಸರಿ.

ವಕೀಲರು ಕಡ್ಡಾಯವಲ್ಲ. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು; ಕಂಪನಿಯ ಕಚೇರಿ ದಿಲ್ಲಿಯಲ್ಲಿದ್ದರೆ ದಿಲ್ಲಿಗೆ ಹೋಗಬೇಕಿಲ್ಲ. ಕರಾರಿನ ಪ್ರತಿ, ರಸೀದಿಗಳು, ಪತ್ರ ಮತ್ತು ಇಮೇಲ್‌ಗಳು ಜೊತೆಗಿರಬೇಕು. ಆಕ್ಷೇಪವಿರುವ ಷರತ್ತನ್ನು ಸಂಖ್ಯೆಸಮೇತ ಎತ್ತಿ ಬರೆಯುವುದು ಒಳ್ಳೆಯದು. ಅದಕ್ಕೂ ಮುನ್ನ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕೆಲವು ವ್ಯಾಜ್ಯಗಳು ಅಲ್ಲಿಗೇ ಬಗೆಹರಿಯುತ್ತವೆ. ಆದರೆ ಆ ಕರೆಯಿಂದ ಕಾಲಮಿತಿ ನಿಲ್ಲುವುದಿಲ್ಲ: ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು, ತಪ್ಪಿದರೆ ವಿಳಂಬಕ್ಕೆ ಸಾಕಷ್ಟು ಕಾರಣವಿತ್ತೆಂದು ಆಯೋಗಕ್ಕೆ ಮನವರಿಕೆ ಮಾಡಿಕೊಡಬೇಕು.