ವಿಮಾನವಾಹಕಗಳ ಕಾಳಗವನ್ನು ಆಡುವ ಬಗೆ

ಪೆಸಿಫಿಕ್ ಸಾಗರದ ಯುದ್ಧವನ್ನು ಕಂಪ್ಯೂಟರಿನಲ್ಲಿ ಆಡುವ ‘ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಆಟದಲ್ಲಿ ವಿಮಾನವಾಹಕ ನೌಕೆಗಳ ಕಾಳಗ ಒಂದೆರಡು ಸರದಿಯಲ್ಲಿ ಮುಗಿದುಹೋಗುತ್ತದೆ. ಅದರ ತಯಾರಿಗೆ ಮಾತ್ರ ಹತ್ತಾರು ಸರದಿ ಹಿಡಿಯುತ್ತದೆ. 2009ರಲ್ಲಿ ಹೊರಬಂದ ಈ ಆಟದಲ್ಲಿ ಒಂದು ಸರದಿಗೆ ಸಾಮಾನ್ಯವಾಗಿ ಒಂದು ದಿನದ ಲೆಕ್ಕ. ನಕ್ಷೆಯ ಷಟ್ಕೋನದ ಮನೆಯೊಂದು 40 ನಾಟಿಕಲ್ ಮೈಲಿ, ಅಂದರೆ ಸುಮಾರು 74 ಕಿಲೋಮೀಟರ್ ಅಗಲ. ಎರಡೂ ಕಡೆಯವರು ಆದೇಶ ಕೊಟ್ಟು ಮುಗಿಸಿದ ಮೇಲೆ ಆ ದಿನ ತಾನಾಗಿ ನಡೆಯುತ್ತದೆ. ನಡುವೆ ಕೈಹಾಕಲು ಅವಕಾಶವಿಲ್ಲ. ವಿಮಾನಗಳು ಎಷ್ಟು ಗಂಟೆಗೆ ಏರಬೇಕು, ಯಾವ ಹಡಗಿನ ಮೇಲೆ ಎರಗಬೇಕು ಎಂದು ಆಡುವವರು ಹೇಳುವುದಿಲ್ಲ. ಹುಡುಕಾಟಕ್ಕೆ ಎಷ್ಟು ವಿಮಾನ, ತಲೆಯ ಮೇಲಿನ ಕಾವಲಿಗೆ ಎಷ್ಟು, ದಾಳಿಗೆ ಎಷ್ಟು, ಎಷ್ಟು ದೂರದವರೆಗೆ, ಪಡೆ ಯಾವ ಅಡ್ಮಿರಲ್‌ನ ಕೈಕೆಳಗೆ ಎಂಬ ಏರ್ಪಾಡಷ್ಟೇ ಅವರದು. 1942ರ ಅಡ್ಮಿರಲ್‌ಗಳ ಸ್ಥಿತಿಗೆ ಇದು ತುಂಬ ಹತ್ತಿರ. ವಿಮಾನಗಳು ಡೆಕ್ ಬಿಟ್ಟ ಮೇಲೆ ಅಮೆರಿಕದ ಫ್ಲೆಚರ್‌ಗಾಗಲಿ ಜಪಾನಿನ ನಗುಮೊಗಾಗಲಿ ಮಾಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಈ ಏರ್ಪಾಡಿನಲ್ಲಿ ಹೊಸಬರು ಕಡೆಗಣಿಸುವುದು, ಪಳಗಿದವರು ಮೊದಲು ಕೈಗೆತ್ತಿಕೊಳ್ಳುವುದು ಹುಡುಕಾಟವನ್ನು. ಎದುರಾಳಿ ಕಾಣದಿದ್ದರೆ ದಾಳಿಯೇ ಇಲ್ಲ. ಪೆಸಿಫಿಕ್ ಯುದ್ಧದ ಆಟಗಳಲ್ಲಿ ಇಷ್ಟು ಸರಳವಾಗಿ ಹೇಳಬಹುದಾದ, ಇಷ್ಟು ಸಲ ಮರೆತುಹೋಗುವ ನಿಯಮ ಬೇರೊಂದಿಲ್ಲ. ಹುಡುಕಾಟಕ್ಕೆ ಡೈವ್ ಬಾಂಬರ್‌ಗಳನ್ನು ಕಳುಹಿಸಿದರೆ ದಾಳಿಗೆ ಅಷ್ಟು ಬಾಂಬು ಕಡಿಮೆಯಾಗುತ್ತದೆ. ಆದ್ದರಿಂದ ಕ್ರೂಸರ್‌ಗಳ ಮೇಲಿನ ತೇಲುವಿಮಾನಗಳಿಗೂ ದ್ವೀಪಗಳ ನೆಲೆಯಿಂದ ಹಾರುವ ಕ್ಯಾಟಲಿನಾ ವಿಮಾನಗಳಿಗೂ ಈ ಕೆಲಸದ ಬಹುಪಾಲನ್ನು ವಹಿಸುವುದು ಲೇಸು. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗಾಗಿ ಬಂದು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದುದು ಇದೇ ಕ್ಯಾಟಲಿನಾ. 1942ರ ಜೂನ್ 4ರ ಬೆಳಿಗ್ಗೆ ಮಿಡ್‌ವೇ ದ್ವೀಪದ ವಾಯವ್ಯದಲ್ಲಿ ನಗುಮೊನ ವಾಹಕಗಳನ್ನು ಮೊದಲು ಕಂಡದ್ದೂ ಕ್ಯಾಟಲಿನಾವೇ. ಜಪಾನಿನ ಕಡೆ ಅದೇ ದಿನ ಟೋನೆ ಕ್ರೂಸರಿನ ಒಂದು ತೇಲುವಿಮಾನ ಸುಮಾರು ಅರ್ಧ ಗಂಟೆ ತಡವಾಗಿ ಹೊರಟಿತು. ಇಡೀ ಪೂರ್ವ ದಿಕ್ಕಿಗೆ ಬೆರಳೆಣಿಕೆಯ ವಿಮಾನಗಳನ್ನು ಮಾತ್ರ ಬಿಟ್ಟಿದ್ದ ಯೋಜನೆಯಲ್ಲಿ ಅರ್ಧ ಗಂಟೆಯೂ ದುಬಾರಿಯಾಯಿತು. ಆಟದಲ್ಲಿ ಹುಡುಕಾಟದ ದಿಕ್ಕನ್ನು ಕೋನದ ಲೆಕ್ಕದಲ್ಲಿ ಕೊಡಬಹುದು. ಎಲ್ಲ ದಿಕ್ಕಿಗೂ ತೆಳ್ಳಗೆ ಹರಡುವ ಬದಲು ಶತ್ರು ಬರಬಹುದಾದ ಕಡೆ ಎರಡು ಮೂರು ತುಕಡಿಗಳ ಕೋನಗಳು ಒಂದರ ಮೇಲೊಂದು ಬೀಳುವಂತೆ ಹೊಂದಿಸಿದರೆ ಫಲ ಹೆಚ್ಚು.

ಕಂಡ ಮೇಲೆ ಎದುರಾಗುವುದು ನಂಬುವ ಪ್ರಶ್ನೆ. ಸರದಿ ಮುಗಿದ ಮೇಲೆ ನಕ್ಷೆಯ ನೀಲಿಯ ನಡುವೆ ಶತ್ರುವಿನ ಗುರುತೊಂದು ಮೂಡಿರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಎರಡು ವಿಮಾನವಾಹಕ, ಮೂರು ಕ್ರೂಸರ್, ಈಶಾನ್ಯಕ್ಕೆ ಸಾಗುತ್ತಿದೆ ಎಂಬ ವಿವರ ಬರುತ್ತದೆ. ಜೊತೆಗೆ ಪತ್ತೆಯ ಮಟ್ಟವೆಂದು ಸಣ್ಣ ಅಂಕಿಯೊಂದಿರುತ್ತದೆ. ಕಣ್ಣು ಮೊದಲು ಹೋಗುವುದು ವಾಹಕಗಳ ಎಣಿಕೆಯ ಮೇಲೆ. ಹೋಗಬೇಕಾದದ್ದು ಆ ಸಣ್ಣ ಅಂಕಿಯ ಮೇಲೆ. ಅದು ಒಂದೋ ಎರಡೋ ಇದ್ದರೆ ಯಾವನೋ ಪೈಲಟ್ ಮೋಡದ ಸಂದಿಯಿಂದ ಒಂದು ಸಲ ಇಣುಕಿ ಓಡಿಬಂದಿದ್ದಾನೆ ಎಂದರ್ಥ. ಅಂಥ ವರದಿಯ ‘ವಾಹಕ’ ತೈಲದ ಹಡಗಾಗಿರಬಹುದು, ಸರಕಿನ ಹಡಗುಗಳ ಸಾಲಾಗಿರಬಹುದು. ಅಂಕಿ ಏಳೆಂಟರ ಮೇಲಿದ್ದರೆ ಹಲವು ಕಣ್ಣುಗಳು ನೋಡಿವೆ.

ಇಂಥ ತಪ್ಪು ವರದಿ ಆಟ ಕಟ್ಟಿದವರ ಕಲ್ಪನೆಯಲ್ಲ. 1942ರ ಮೇ 7ರ ಬೆಳಿಗ್ಗೆ ಕೋರಲ್ ಸಮುದ್ರದಲ್ಲಿ ಜಪಾನಿ ಹುಡುಕಾಟದ ವಿಮಾನವೊಂದು ಒಂದು ವಿಮಾನವಾಹಕ, ಒಂದು ಕ್ರೂಸರ್ ಕಂಡಿತೆಂದು ವರದಿ ಮಾಡಿತು. ಶೋಕಾಕು, ಜುಯಿಕಾಕು ವಾಹಕಗಳಿಂದ 78 ವಿಮಾನಗಳು ಅತ್ತ ಹೊರಟವು. ಅಲ್ಲಿದ್ದುದು ನಿಯೋಶೊ ಎಂಬ ತೈಲದ ಹಡಗು, ಅದರ ಜೊತೆಗಿದ್ದ ಸಿಮ್ಸ್ ಎಂಬ ಡೆಸ್ಟ್ರಾಯರ್. ಸಿಮ್ಸ್ ಮುಳುಗಿತು, ನಿಯೋಶೊ ಹಾಳಾಯಿತು, ಆದರೆ ಆ ದಿನದ ಬೆಳಗು ಜಪಾನಿಗೆ ಕೈತಪ್ಪಿತು. ಅದೇ ಹೊತ್ತಿಗೆ ಅಮೆರಿಕದ ವಿಮಾನವೊಂದರ ಸಂಕೇತದಲ್ಲಿ ತಪ್ಪಾಗಿ, ಸಣ್ಣ ಪಡೆಯೊಂದು ಎರಡು ವಾಹಕಗಳ ಪಡೆಯಾಗಿ ಫ್ಲೆಚರ್‌ಗೆ ತಲುಪಿತು. ಆ ಕಡೆಗೆ ಹಾರಿದ ವಿಮಾನಗಳಿಗೆ ದಾರಿಯ ಸಮೀಪದಲ್ಲೇ ಶೋಹೊ ಎಂಬ ಲಘು ವಾಹಕ ಸಿಕ್ಕಿ, ಅದು ಮುಳುಗಿತು. ಎರಡೂ ಕಡೆ ವರದಿ ಸುಳ್ಳೇ ಆಗಿತ್ತು. ಒಂದು ಕಡೆ ಅದೃಷ್ಟ ಕೈಹಿಡಿಯಿತು. ಪತ್ತೆಯ ಮಟ್ಟ ಕಡಿಮೆಯಿರುವಾಗ ದಾಳಿಯ ದೂರವನ್ನು ಕುಗ್ಗಿಸಿ, ಹುಡುಕಾಟದ ಪಾಲನ್ನು ಹೆಚ್ಚಿಸಿ ಇನ್ನೊಂದು ಸರದಿ ಕಾಯುವುದು ಹೇಡಿತನದಂತೆ ಕಂಡರೂ ಸರಿಯಾದ ದಾರಿ ಅದೇ.

ದೂರದ ಲೆಕ್ಕ ಎರಡೂ ಪಕ್ಷಕ್ಕೆ ಒಂದೇ ಅಲ್ಲ. ಜಪಾನಿನ ವಿಮಾನಗಳು ಹಗುರ, ಹಾರುವ ದೂರ ಹೆಚ್ಚು. ಆರು ಮನೆ, ಅಂದರೆ 240 ನಾಟಿಕಲ್ ಮೈಲಿ ಆಚೆಯಿಂದ ಹೊಡೆದು ಹಿಂತಿರುಗುವುದು ಅವಕ್ಕೆ ಕಷ್ಟವಲ್ಲ. 1942ರ ಅಮೆರಿಕಕ್ಕೆ ಡಾಂಟ್‌ಲೆಸ್ ಡೈವ್ ಬಾಂಬರ್ ಒಳ್ಳೆಯ ಆಸರೆ. ಆದರೆ ಡಿವಾಸ್ಟೇಟರ್ ಎಂಬ ಟಾರ್ಪೆಡೊ ವಿಮಾನ ನಿಧಾನ, ಅದು ಹಾರುವ ದೂರ ಕಡಿಮೆ. ಮಿಡ್‌ವೇಯಲ್ಲಿ ಹಾರ್ನೆಟ್ ವಾಹಕದಿಂದ ಬೆಂಗಾವಲಿಲ್ಲದೆ ದಾಳಿಗಿಳಿದ ಅಂಥ 15 ವಿಮಾನಗಳೂ ಬಿದ್ದವು. ಅಮೆರಿಕದ ಪಕ್ಷ ಆಡುವವರು ಆದ್ದರಿಂದ ರಾತ್ರಿಯಲ್ಲಿ ಹತ್ತಿರ ನುಗ್ಗಿ ಬೆಳಗಾಗುವಾಗ ನಾಲ್ಕು ಮನೆಯ ಒಳಗಿರಬೇಕು. ಜಪಾನಿನ ಪಕ್ಷ ಆಡುವವರು ಐದಾರು ಮನೆಯ ಅಂತರವನ್ನು ಬಿಟ್ಟುಕೊಡಬಾರದು. ಪಡೆಗಿರುವ ‘ಪ್ರತಿಕ್ರಿಯೆಯ ದೂರ’ ಎಂಬ ಏರ್ಪಾಡು ತೊಡಕಾಗುವುದು ಇಲ್ಲೇ. ಅದನ್ನು ಹೆಚ್ಚಿಟ್ಟರೆ ಆಕ್ರಮಣಶೀಲ ಅಡ್ಮಿರಲ್ ಶತ್ರುವಿನ ಸುಳಿವು ಸಿಕ್ಕ ತಕ್ಷಣ ತಾನಾಗಿ ಮುನ್ನುಗ್ಗುತ್ತಾನೆ, ಜೋಪಾನವಾಗಿ ಕಾದಿಟ್ಟ ಅಂತರ ಒಂದೇ ಸರದಿಯಲ್ಲಿ ಕರಗುತ್ತದೆ. ಅಂತರ ಮುಖ್ಯವಾಗಿರುವ ದಿನ ಅದನ್ನು ಸೊನ್ನೆಗೆ ಇಳಿಸಿಡುವುದೇ ಕ್ಷೇಮ.

ಹವಾಮಾನದ ಬಗ್ಗೆ ಮಾಡುವುದು ಅಷ್ಟೇನಿಲ್ಲ, ಗಮನಿಸುವುದುಂಟು. ಮೇ 8ರಂದು ಜುಯಿಕಾಕು ಮಳೆಮೋಡದ ಅಡಿಯಲ್ಲಿ ಸೇರಿಕೊಂಡು ಉಳಿಯಿತು; ತೆರೆದ ಬಿಸಿಲಿನಲ್ಲಿದ್ದ ಶೋಕಾಕುವಿನ ಮೇಲೆ ಮೂರು ಬಾಂಬು ಬಿದ್ದವು. ಇಂಧನದ ಲೆಕ್ಕವೂ ಹಾಗೆಯೇ. ಪೂರ್ಣವೇಗದಲ್ಲಿ ಎರಡು ದಿನ ಓಡಿದ ಡೆಸ್ಟ್ರಾಯರ್‌ಗಳು ಮೂರನೆಯ ದಿನ ವಾಹಕಗಳನ್ನು ಹಿಂದಕ್ಕೆ ಎಳೆಯುತ್ತವೆ. ತೈಲದ ಹಡಗು ಕಾಳಗದ ಜಾಗದಿಂದ ಒಂದು ದಿನದ ಪಯಣದಷ್ಟು ಹಿಂದೆ, ಅದಕ್ಕೂ ಬೆಂಗಾವಲಿನೊಡನೆ ಇರಬೇಕು.

ವಾಹಕಗಳನ್ನೆಲ್ಲ ಒಂದೇ ಪಡೆಯಲ್ಲಿಡಬೇಕೆ, ಬೇರೆ ಬೇರೆ ಮಾಡಬೇಕೆ ಎಂಬುದು ಆಡುವವರ ನಡುವೆ ಮುಗಿಯದ ವಾದ. ಒಟ್ಟಿಗಿಟ್ಟರೆ ಕಾವಲಿನ ಫೈಟರ್‌ಗಳೂ ಹಡಗುಗಳ ವಿಮಾನ ನಿರೋಧಕ ತೋಪುಗಳೂ ಒಂದೆಡೆ ಸೇರುತ್ತವೆ. ಆದರೆ ಒಂದೇ ಪಡೆಯಲ್ಲಿ ವಿಮಾನಗಳ ಸಂಖ್ಯೆ ಮಿತಿ ಮೀರಿದರೆ ದಾಳಿಯ ತುಕಡಿಗಳು ಒಗ್ಗೂಡದೆ ಚೂರುಚೂರಾಗಿ ಹೊರಡುವ ಅಪಾಯವನ್ನು ಆಟದ ನಿಯಮ ಇಟ್ಟಿದೆ. 1942ರಲ್ಲಿ ಈ ಮಿತಿ ಮಿತ್ರಪಕ್ಷಕ್ಕೆ ತೀರ ಕಡಿಮೆ, ಜಪಾನಿಗೆ ಹೆಚ್ಚು. ಚರಿತ್ರೆಗೆ ಇದು ಒಪ್ಪುತ್ತದೆ: ನಗುಮೊನ ವಾಹಕಗಳು ಒಂದೇ ದಾಳಿಯಾಗಿ ಹಾರುವುದನ್ನು ಅಭ್ಯಾಸ ಮಾಡಿದ್ದವು, ಅಮೆರಿಕದ ವಾಹಕಗಳು ತಮ್ಮ ತಮ್ಮ ತುಕಡಿಗಳನ್ನು ಪ್ರತ್ಯೇಕವಾಗಿ ಕಳುಹಿಸುತ್ತಿದ್ದವು. ಆದ್ದರಿಂದ ಆ ವರ್ಷ ಅಮೆರಿಕದ ಕಡೆಗೆ ಒಂದು ಪಡೆಗೆ ಒಂದೇ ವಾಹಕ, ಎಲ್ಲ ಪಡೆಗಳೂ ಒಂದೇ ಮನೆಯಲ್ಲಿ ಎಂಬ ಏರ್ಪಾಡು ಹೊಂದುತ್ತದೆ. ಕಾವಲಿನ ಫೈಟರ್‌ಗಳು ಒಂದೇ ಮನೆಯಲ್ಲಿರುವ ಎಲ್ಲರನ್ನೂ ಕಾಯುತ್ತವೆ, ದಾಳಿಯೂ ಚದುರುವುದಿಲ್ಲ.

ದಾಳಿಯ ದೃಶ್ಯ ತೆರೆಯ ಮೇಲೆ ಕೆಲವೇ ನಿಮಿಷ ಓಡುತ್ತದೆ. ವಿಮಾನಗಳ ಸಾಲು ಎಡದಿಂದ ಬಲಕ್ಕೆ ಜಾರುತ್ತದೆ, ಕಾವಲಿನ ಫೈಟರ್‌ಗಳು ಎದುರಾಗುತ್ತವೆ, ಎಣಿಕೆ ಇಳಿಯುತ್ತದೆ. ತಪ್ಪಿಸಿಕೊಂಡ ನಾಲ್ಕೈದು ಬಾಂಬರ್‌ಗಳು ಡೆಕ್‌ನ ಮೇಲೆ ಇಳಿಮುಖವಾದಾಗ ಉಸಿರು ಬಿಗಿಹಿಡಿಯದವರು ಕಡಿಮೆ. ಬಾಂಬು ತಗುಲಿದ ಮೇಲೆ ಏನಾಗುತ್ತದೆ ಎಂಬುದು ಒಳಗಿನ ಬೆಂಕಿಗೆ ಬಿಟ್ಟದ್ದು. ಹೊಡೆತ ತಿಂದ ಹಡಗಿನ ಬೆಂಕಿಯ ಅಂಕಿ ಇಳಿಯುತ್ತಿದ್ದರೆ ಬದುಕುವ ಆಸೆಯಿದೆ. ಸರದಿಯಿಂದ ಸರದಿಗೆ ಏರುತ್ತಿದ್ದರೆ ಬಾಂಬುಗಳ ಎಣಿಕೆ ಎಷ್ಟೇ ಕಡಿಮೆಯಿರಲಿ ಹಡಗು ಕೈಬಿಟ್ಟಂತೆ. ಅಮೆರಿಕದ ಲೆಕ್ಸಿಂಗ್ಟನ್ ವಾಹಕ ಮೇ 8ರಂದು ಎರಡು ಟಾರ್ಪೆಡೊ, ಕೆಲವು ಬಾಂಬು ತಿಂದೂ ಸಾಗುತ್ತಲೇ ಇತ್ತು. ಅದನ್ನು ಮುಗಿಸಿದ್ದು ಒಡೆದ ಟ್ಯಾಂಕಿನಿಂದ ಸೋರಿ ಒಳಗೆ ತುಂಬಿದ ಪೆಟ್ರೋಲ್ ಆವಿಯ ಸ್ಫೋಟ.

ಗೆದ್ದ ದಿನದ ಸಂಜೆ ಬರುವ ಬೆನ್ನಟ್ಟುವ ಆಸೆಯನ್ನು ತಡೆಯುವುದು ಕಷ್ಟ. ಡೆಕ್‌ನ ಕೆಳಗಿನ ಟಾರ್ಪೆಡೊ ಸಂಗ್ರಹ ಬರಿದಾಗಿದೆಯೇ, ಹಾರಬಲ್ಲ ಬಾಂಬರ್ ಎಷ್ಟು ಉಳಿದಿದೆ ಎಂದು ನೋಡದೆ ಮುಂದೆ ಹೋದರೆ ಬೆಳಗಾದಾಗ ಶತ್ರುವಿನ ಭೂನೆಲೆಯ ಬಾಂಬರ್‌ಗಳು ಕಾದಿರುತ್ತವೆ. ಗಾಯಗೊಂಡ ವಾಹಕವನ್ನು ಪಡೆಯಿಂದ ಬೇರ್ಪಡಿಸಿ, ಜಲಾಂತರ್ಗಾಮಿ ಹುಡುಕಬಲ್ಲ ಡೆಸ್ಟ್ರಾಯರ್‌ಗಳನ್ನು ಜೊತೆಗೆ ಕೊಟ್ಟು ಹತ್ತಿರದ ಬಂದರಿಗೆ ಅಟ್ಟಬೇಕು. ಮಿಡ್‌ವೇಯಲ್ಲಿ ಯಾರ್ಕ್‌ಟೌನ್ ಎಂಬ ಅಮೆರಿಕದ ವಾಹಕವು ವಿಮಾನಗಳ ಹೊಡೆತವನ್ನು ಸಹಿಸಿ ತೇಲುತ್ತಿತ್ತು. ಅದಕ್ಕೂ, ಪಕ್ಕಕ್ಕೆ ಕಟ್ಟಿಕೊಂಡಿದ್ದ ಹ್ಯಾಮನ್ ಎಂಬ ಡೆಸ್ಟ್ರಾಯರ್‌ಗೂ ಕೊನೆ ತಂದದ್ದು ಐ-168 ಜಲಾಂತರ್ಗಾಮಿ.

ನಷ್ಟವನ್ನು ಹಡಗಿನ ಲೆಕ್ಕದಲ್ಲಿ ಎಣಿಸುವುದು ಎಲ್ಲರ ರೂಢಿ. ಪೈಲಟ್‌ಗಳ ಪಟ್ಟಿ ತೆರೆದು ನೋಡಿದವರಿಗೆ ಬೇರೆಯೇ ಕಥೆ ಕಾಣುತ್ತದೆ. ಮಿಡ್‌ವೇಯಲ್ಲಿ ಜಪಾನು ನಾಲ್ಕು ವಾಹಕ ಕಳೆದುಕೊಂಡರೂ ಸತ್ತ ವಿಮಾನ ಸಿಬ್ಬಂದಿ ಸುಮಾರು 110. ಅದೇ ವರ್ಷ ಅಕ್ಟೋಬರ್ 26ರ ಸಾಂತಾ ಕ್ರೂಜ್ ಕಾಳಗದಲ್ಲಿ ಜಪಾನಿನ ಒಂದು ವಾಹಕವೂ ಮುಳುಗಲಿಲ್ಲ, ಹಾರ್ನೆಟ್ ಮುಳುಗಿತು. ಆದರೂ ಜಪಾನಿನ 140ಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ಹಿಂತಿರುಗಲಿಲ್ಲ. ಇಂಥ ಗೆಲುವುಗಳ ಬೆಲೆ ಆಟದಲ್ಲಿ ಮುಂದೆ ತಿಳಿಯುತ್ತದೆ. ಅನುಭವದ ಅಂಕಿ 75ರಷ್ಟಿದ್ದ ತುಕಡಿಗೆ ತರಬೇತಿಯಿಂದ ಆಗಷ್ಟೇ ಬಂದ, 40 ದಾಟದ ಹುಡುಗರು ತುಂಬಿಕೊಂಡಾಗ ಅದೇ ವಿಮಾನ, ಅದೇ ಬಾಂಬು ಗುರಿ ತಪ್ಪುತ್ತವೆ. 1944ರ ಜೂನ್ 19ರಂದು ಫಿಲಿಪೀನ್ ಸಮುದ್ರದಲ್ಲಿ ಜಪಾನಿನ ಅಡ್ಮಿರಲ್ ಓಜಾವನ ಒಂಬತ್ತು ವಾಹಕಗಳಿಗೆ ದೂರದ ಲಾಭ ಇತ್ತು, ಶತ್ರುವನ್ನು ಮೊದಲು ಕಂಡದ್ದೂ ಅವೇ. ನಾಲ್ಕು ಅಲೆಗಳಲ್ಲಿ 300ಕ್ಕೂ ಹೆಚ್ಚು ವಿಮಾನ ಕಳುಹಿಸಿದರು. ರೇಡಾರ್‌ನ ನೆರವಿನಿಂದ ಕಾದಿದ್ದ ಅಮೆರಿಕದ ಫೈಟರ್‌ಗಳ ಮುಂದೆ 200ಕ್ಕೂ ಹೆಚ್ಚು ಬಿದ್ದವು, ಅಮೆರಿಕದ ಒಂದು ವಾಹಕವೂ ಮುಳುಗಲಿಲ್ಲ.

ಜಪಾನಿನ ಪಕ್ಷದಲ್ಲಿ ಆಡುವವರು ಆದ್ದರಿಂದ 1942ರಲ್ಲೇ ಅನುಭವಿ ಪೈಲಟ್‌ಗಳಲ್ಲಿ ಒಂದಷ್ಟು ಮಂದಿಯನ್ನು ಕಾಳಗದಿಂದ ಹಿಂದೆಗೆದು ತರಬೇತಿಯ ತುಕಡಿಗಳಿಗೆ ಕಳುಹಿಸಬೇಕು. ಆ ಹೊತ್ತಿಗೆ ಅದು ನೋವಿನ ತ್ಯಾಗ. ಕೋರಲ್ ಸಮುದ್ರದ ಬೆನ್ನಿಗೇ ಇನ್ನೊಂದು ತೀರ್ಮಾನವೂ ಎದುರಾಗುತ್ತದೆ. ಶೋಕಾಕು ದುರಸ್ತಿಗೆ ಹೋಗಿರುತ್ತದೆ, ಜುಯಿಕಾಕುವಿಗೆ ಗಾಯವಿಲ್ಲ, ಆದರೆ ಅದರ ವಿಮಾನಗಳು ಅರೆಬರೆ. ನಿಜವಾದ ಯುದ್ಧದಲ್ಲಿ ಎರಡು ವಾಹಕಗಳ ಅಳಿದುಳಿದವರನ್ನು ಒಂದಾಗಿಸುವ ವಾಡಿಕೆ ಜಪಾನಿ ನೌಕಾಪಡೆಗೆ ಇಲ್ಲದ್ದರಿಂದ ಜುಯಿಕಾಕು ಮಿಡ್‌ವೇಗೆ ಹೋಗಲೇ ಇಲ್ಲ. ಆಟದಲ್ಲಿ ಆ ಕಟ್ಟುಪಾಡಿಲ್ಲ: ಶೋಕಾಕುವಿನ ತುಕಡಿಗಳನ್ನು ಜುಯಿಕಾಕುವಿಗೆ ವರ್ಗಾಯಿಸಿ, ಕಾದಿಟ್ಟ ಪೈಲಟ್‌ಗಳಲ್ಲಿ ಅನುಭವ ಹೆಚ್ಚಿದ್ದವರನ್ನು ಆಯ್ದು ತುಂಬಿದರೆ, ಮೇ ಕೊನೆಯ ವಾರದಲ್ಲಿ ನಗುಮೊನ ನಾಲ್ಕು ವಾಹಕಗಳ ಜೊತೆಗೆ ಐದನೆಯ ವಾಹಕವೊಂದು ಹೊರಡಲು ಸಿದ್ಧವಾಗುತ್ತದೆ.