ಗುಡ್ಡದ ದಾರಿಗೆ ಯಾವ ಸೈಕಲ್ಲು?

ನಮ್ಮದು ಮಲೆನಾಡಿನ ಊರು. ಎಲ್ಲಿಗೆ ಹೋದರೂ ಒಂದು ಏರು, ಒಂದು ಇಳಿಜಾರು. ಹಾಲಿನ ಡೈರಿ 3 ಕಿಲೋಮೀಟರ್ ದೂರ. ಬೆಳಿಗ್ಗೆ ಬಸ್ಸಿಲ್ಲ. ಕ್ಯಾನು ಹೊತ್ತು ನಡೆದರೆ ಒಂದು ಗಂಟೆ ಬೇಕು. ತಡವಾದರೆ ಹಾಲು ಮನೆಗೇ ವಾಪಸ್ಸು. ಅದಕ್ಕೇ ಸಂಘದಿಂದ ಸಾಲ ತೆಗೆದು ಸೈಕಲ್ಲು ಕೊಳ್ಳೋಣ ಎಂದು ನಾವು ಮಾತಾಡಿಕೊಂಡೆವು.

"ಹೆಂಗಸರು ಸೈಕಲ್ ಹೊಡೆಯೋದಾ?" ಎಂದು ಕೆಲವರು ನಕ್ಕರು. ನಗಲಿ ಬಿಡಿ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಸಾವಿರಾರು ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಅವರಿಗೆ ಆದದ್ದು ನಮಗೆ ಆಗದೇ?

ಆದರೆ ಯಾವ ಸೈಕಲ್ಲು? ಸಂಘದ ಸಭೆಯಲ್ಲಿ ವಾದ ಎದ್ದಿತು.

"ಗೇರ್ ಸೈಕಲ್ಲೇ ತಗೊಳ್ಳೋಣ ಕಣ್ರೇ. ಗುಡ್ಡ ತಾನಾಗೇ ಹತ್ತುತ್ತಂತೆ."

"ತಾನಾಗೇ ಹತ್ತೋಕೆ ಅದೇನು ಮೋಟಾರು ಗಾಡಿಯಾ ಅತ್ತಿಗೆ? ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?"

ಯಾರ ಮಾತು ಸರಿ? ಬನ್ನಿ, ತಿಳಿಯೋಣ.

ಗೇರ್ ಏನು ಮಾಡುತ್ತದೆ?

ಸೈಕಲ್ಲಿಗೆ ಎರಡು ಹಲ್ಲಿನ ಚಕ್ರ ಇವೆ. ಒಂದು ಪೆಡಲ್ ಹತ್ತಿರ. ಇನ್ನೊಂದು ಹಿಂದಿನ ಗಾಲಿಯಲ್ಲಿ. ಇವೆರಡನ್ನೂ ಚೈನು ಜೋಡಿಸುತ್ತದೆ. ಸಾದಾ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವುದು ಸಾಮಾನ್ಯ. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 5 ಮೀಟರ್ ಓಡುತ್ತದೆ. ಸಮ ರಸ್ತೆಗೆ ಇದು ಚೆನ್ನ. ಏರಿನಲ್ಲಿ ಮೊಣಕಾಲು ಹಿಡಿಯುತ್ತದೆ.

ಗೇರ್ ಸೈಕಲ್ಲಿನಲ್ಲಿ ಸಣ್ಣ, ದೊಡ್ಡ ಹಲ್ಲಿನ ಚಕ್ರಗಳು ಹಲವು. ಬೇಕಾದ ಚಕ್ರಕ್ಕೆ ಚೈನನ್ನು ದಾಟಿಸಬಹುದು. ಮುಂದೆ 28 ಹಲ್ಲು, ಹಿಂದೆ 28 ಹಲ್ಲು ಇಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 2 ಮೀಟರ್ ಮಾತ್ರ. ತುಳಿತ ಹಗುರ. ಆದರೆ 1 ಕಿಲೋಮೀಟರ್ ಏರಲು 200 ಸುತ್ತಿನ ಬದಲು 500 ಸುತ್ತು ತುಳಿಯಬೇಕು.

ಬಾವಿಯಿಂದ ನೀರು ತಂದ ಹಾಗೆ ಇದು. ಹಂಡೆ ತುಂಬಲು ಬೇಕಾದ ನೀರು ಅಷ್ಟೇ. ದೊಡ್ಡ ಕೊಡವಾದರೆ ನಾಲ್ಕು ಸಲ, ಸೊಂಟ ನೋವು. ಚಿಕ್ಕ ಕೊಡವಾದರೆ ಹತ್ತು ಸಲ, ಆದರೆ ಸೊಂಟ ಉಳಿಯುತ್ತದೆ. ಗೇರ್ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಅದನ್ನು ಸಣ್ಣ ಸಣ್ಣದಾಗಿ ಹಂಚುತ್ತದೆ.

ಸಾದಾ ಸೈಕಲ್ಲಿನ ಗುಣ

ಸಾದಾ ಸೈಕಲ್ಲಿಗೆ ಬೆಲೆ ಕಡಿಮೆ. ಕೆಡುವ ಭಾಗಗಳೂ ಕಡಿಮೆ. ಊರ ಅಂಗಡಿಯವನೇ ರಿಪೇರಿ ಮಾಡುತ್ತಾನೆ. ಲೇಡೀಸ್ ಸೈಕಲ್ಲಿಗೆ ಚೈನ್ ಕವರ್ ಇರುತ್ತದೆ. ಸೀರೆಯ ನೆರಿಗೆ ಚೈನಿಗೆ ಸಿಗುವುದಿಲ್ಲ. ಕ್ಯಾನು ಇಡಲು ಕ್ಯಾರಿಯರ್ ಇರುತ್ತದೆ.

ಬಹಳಷ್ಟು ಗೇರ್ ಸೈಕಲ್ಲುಗಳಿಗೆ ಇವು ಇರುವುದಿಲ್ಲ. ಬೇರೆಯಾಗಿ ಹಾಕಿಸಬೇಕು. ಮಳೆಗಾಲದ ಕೆಸರು ಹಲ್ಲಿನ ಚಕ್ರಗಳಿಗೆ ಮೆತ್ತುತ್ತದೆ. ಆಗಾಗ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ತಂತಿ ಸಡಿಲವಾದರೆ ಗೇರ್ ಸರಿಯಾಗಿ ಬೀಳುವುದಿಲ್ಲ.

ನಡುವಿನ ದಾರಿ

ಸೈಕಲ್ ಅಂಗಡಿಯವರು ಇನ್ನೊಂದು ಉಪಾಯ ಹೇಳಿದರು. ಸಾದಾ ಸೈಕಲ್ಲಿನ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿಸಬಹುದು. ಆಗ ಒಂದು ಸುತ್ತಿಗೆ 4 ಮೀಟರ್. ಏರು ಅಷ್ಟು ಹಗುರ. ಖರ್ಚೂ ಕಡಿಮೆ. ಸಮ ರಸ್ತೆಯಲ್ಲಿ ಓಟ ಸ್ವಲ್ಪ ಕಡಿಮೆ, ಅಷ್ಟೆ. ಚೈನು ಸಾಲದಿದ್ದರೆ ಉದ್ದ ಮಾಡಿಸಬೇಕು.

ನಾವು ಏನು ಮಾಡಿದೆವು?

ಒಬ್ಬೊಬ್ಬರೂ ನಮ್ಮ ನಮ್ಮ ದಾರಿಯನ್ನು ನೋಡಿದೆವು. ಒಂದೇ ಪ್ರಶ್ನೆ ಕೇಳಿಕೊಂಡೆವು. ತುಂಬಿದ ಕ್ಯಾನು ಗುಡ್ಡ ಹತ್ತುತ್ತದೋ, ಇಳಿಯುತ್ತದೋ?

ಕೆಳಗಿನ ಕೇರಿಯವರದು ಉದ್ದದ ಏರು. ತುಂಬಿದ ಕ್ಯಾನು ಹೊತ್ತು ಹತ್ತಬೇಕು. ಅವರು ಗೇರ್ ಸೈಕಲ್ಲು ಕೊಂಡರು. ಕ್ಯಾರಿಯರ್ ಹಾಕಿಸಿದರು. ಮೇಲಿನ ಕೇರಿಯವರದು ತುಂಬಿದ ಕ್ಯಾನು ಇಳಿಯುತ್ತದೆ, ಖಾಲಿ ಕ್ಯಾನು ಹತ್ತುತ್ತದೆ. ಅವರು ಸಾದಾ ಸೈಕಲ್ಲು ಕೊಂಡು 22 ಹಲ್ಲು ಹಾಕಿಸಿದರು. ತೀರಾ ಕಡಿದಾದ ಕಡೆ ಇಳಿದು ತಳ್ಳುತ್ತಾರೆ. ಅದರಲ್ಲಿ ನಾಚಿಕೆ ಏನು? ಸಭೆಯಲ್ಲಿ ವಾದ ಮಾಡಿದ ಇಬ್ಬರದೂ ಸರಿ. ದಾರಿ ಬೇರೆ ಬೇರೆ, ಅಷ್ಟೆ.

ನೆನಪಿಡಿ

1. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹಗುರವಾಗಿ ತುಳಿಯುತ್ತಲೇ ಬದಲಿಸಿ. ನಿಂತ ಸೈಕಲ್ಲಿನಲ್ಲಿ ಬದಲಿಸಬೇಡಿ.
2. ಇಳಿಜಾರಿನಲ್ಲಿ ಕಾಯುವುದು ಬ್ರೇಕು, ಗೇರ್ ಅಲ್ಲ. ಹೊರಡುವ ಮೊದಲು ಎರಡೂ ಬ್ರೇಕು ಒತ್ತಿ ನೋಡಿ.
3. ಮಳೆಯಲ್ಲಿ ನೆನೆದ ರಿಮ್ಮಿನ ಮೇಲೆ ಬ್ರೇಕು ಬೇಗ ಹಿಡಿಯುವುದಿಲ್ಲ. ನಿಧಾನವಾಗಿ ಇಳಿಯಿರಿ.
4. ಕೊಳ್ಳುವ ಮೊದಲು ಏರಿನಲ್ಲಿ ಓಡಿಸಿ ನೋಡಿ. ರಸೀದಿಯನ್ನು ಓದಿ, ಆಮೇಲೆ ಹಣ ಕೊಡಿ.

ಹೇಳಿ ನೋಡೋಣ

1. ಗೇರ್ ಇದ್ದರೆ ಏರು ಏಕೆ ಹಗುರ?
2. ಸಾದಾ ಸೈಕಲ್ಲಿನ ಎರಡು ಗುಣ ಯಾವುವು?
3. ನಿಮ್ಮ ದಾರಿಯಲ್ಲಿ ಹೊರೆ ಹತ್ತುತ್ತದೋ, ಇಳಿಯುತ್ತದೋ? ನಿಮಗೆ ಯಾವ ಸೈಕಲ್ಲು ಬೇಕು? ಎರಡು ಸಾಲು ಬರೆಯಿರಿ.